ದಂತವೋ, ಎಲುಬೋ

೧೮ ಮೇ ೨೦೦೩, ರವಿವಾರ, ಬ್ಯಾಡಗಿ

ಅಪ್ಪ ತೀರಿಹೋದ ಮೇಲಿನ ಶಿವಗಣಾರಾಧನೆ ಮುಗಿದು ನಾಲ್ಕು ದಿನವಾಯಿತು. ಬಂಧುಗಳೆಲ್ಲ ಹೋದರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ತಮ್ಮ ಸುನೀಲಕುಮಾರ ಮಾತು ತೆಗೆದ.

"ಅಕ್ಕಾ, ಅಪ್ಪನ ಖೋಲಿ ಖಾಲಿ ಮಾಡಬೇಕಾಗೈತಿ. ದೀಪಾವಳಿ ಆದಮ್ಯಾಲೆ ಹೊಸಾ ಮೆಣಸಿನಕಾಯಿ ಬರ್ತಾವು, ಚೀಲ ಇಡಾಕ ಜಾಗಾ ಇಲ್ಲ. ಆ ಪುಸ್ತಕ ಏನ್ ಮಾಡೋಣು?"

"ರದ್ದಿಗೆ ಹಾಕು" ಎಂದೆ.

ಅವನ ಹೆಂಡತಿ ಪುಷ್ಪಲತಾ ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ರೊಟ್ಟಿ ಮುರಿಯುತ್ತ ಕುಳಿತೆ.

ಇಲ್ಲಿ ಬರೆಯಲು ಸಂಕೋಚವೇನು, ನಾನಲ್ಲದೆ ಯಾರೂ ಓದುವುದಿಲ್ಲ. ನಮ್ಮ ತಂದೆ ನಾಗಪ್ಪನವರು ಈ ಪೇಟೆಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ದಲಾಲಿ ಮಾಡಿದರು. ಹಗಲು ಅಂಗಡಿ, ಸಂಜೆ ಪುಸ್ತಕ. ಅಂಗಡಿಯ ಹಿಂದಿನ ಖೋಲಿಯಲ್ಲಿ ಎರಡು ಕಪಾಟು ತುಂಬ ಇಂಗ್ಲಿಷ್ ಪುಸ್ತಕಗಳಿವೆ. ಎಲ್ಲವೂ ಎರಡೇ ವಿಷಯದವು: ಆನೆಯ ದಂತದ ಹಳೆಯ ಸಾಮಾನು, ಚದುರಂಗದ ಹಳೆಯ ಕಾಯಿಗಳು. ಇಂಥವನ್ನು ಕೂಡಿಡುವ ಶ್ರೀಮಂತರು ಯಾವುದು ಅಸಲಿ, ಯಾವುದು ನಕಲಿ, ಯಾವ ಊರಿನದು, ಯಾವ ಕಾಲದ್ದು ಎಂದು ತಿಳಿಯಲು ನೋಡುವ ಪುಸ್ತಕಗಳು. ನಮ್ಮ ಮನೆಯಲ್ಲಿ ದಂತದ ಒಂದು ಗುಂಡಿಯೂ ಇಲ್ಲ. ಅವರು ಆಡುತ್ತಿದ್ದದ್ದು ಕಟ್ಟಿಗೆಯ ಕಾಯಿಗಳಲ್ಲಿ.

ಬಿ.ಎಸ್ಸಿ. ಫಲಿತಾಂಶ ಬಂದ ದಿನ ನಾನು ಆ ಖೋಲಿಯ ಬಾಗಿಲಲ್ಲಿ ನಿಂತು, "ಅಪ್ಪಾ, ಎಂ.ಎಸ್ಸಿ.ಗೆ ಧಾರವಾಡಕ್ಕ ಹೋಗ್ಲೇನು?" ಎಂದು ಕೇಳಿದ್ದೆ. ಅವರು ಭೂತಗನ್ನಡಿ ಹಿಡಿದು ಯಾವುದೋ ಚಿತ್ರ ನೋಡುತ್ತಿದ್ದರು. ತಲೆ ಎತ್ತಲಿಲ್ಲ. "ನೋಡೋಣು" ಎಂದರು. ಅದಾಗಿ ಇಪ್ಪತ್ತು ವರ್ಷ. ನಾನಿನ್ನೂ ಹಾವೇರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ.

೨೦ ಮೇ, ಮಂಗಳವಾರ, ಬ್ಯಾಡಗಿ

ರದ್ದಿಯವನು ಬಂದ. ಚಿತ್ರದ ಹಾಳೆ ನುಣುಪಾಗಿರುವುದರಿಂದ ಪೊಟ್ಟಣ ಕಟ್ಟಲು ಬಾರದು, ಬೇಡ ಎಂದ. ಪೊಟ್ಟಣಕ್ಕೂ ಆಗದ ಪುಸ್ತಕಗಳು. ಎಣಿಸಿದೆ, ನಲವತ್ಮೂರು. ಪ್ರತಿಯೊಂದರ ಬೆನ್ನಿಗೂ ಚೀಟಿ ಅಂಟಿಸಿ ಅಂಕಿ ಬರೆದಿದ್ದಾರೆ. ಜೊತೆಗೆ ಕನ್ನಡದಲ್ಲಿ ಬರೆದ ಒಂದು ಸೂಚಿ ಪುಸ್ತಕವಿದೆ. "ಎಲುಬು, ದಂತ, ಭೇದ: ೭, ೧೨, ೩೧ ನೋಡು." "ಕೆಂಪು ಬಣ್ಣ ಮಾಸುವ ರೀತಿ: ೨೨." ಹೀಗೆ ಎಂಬತ್ತು ಪುಟ. ಅಕ್ಷರ ಮಾತ್ರ ಚೆನ್ನಾಗಿದೆ.

೨೬ ಮೇ, ಸೋಮವಾರ, ಹಾವೇರಿ

ಇಲ್ಲಿಯ ಒಂದು ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಪುಸ್ತಕಗಳನ್ನು ಪುಕ್ಕಟೆ ಕೊಡುತ್ತೇವೆ ಎಂದೆ. ಗ್ರಂಥಪಾಲಕರು ನಕ್ಕರು. "ಮೇಡಂ, ನಮ್ಮ ಹುಡುಗ್ರು ಗೈಡ್ ಬಿಟ್ಟು ಏನೂ ಮುಟ್ಟಂಗಿಲ್ಲ. ಆನೀ ದಂತದ ಪುಸ್ತಕ ಯಾರ್ ಓದ್ತಾರ್ರಿ? ಸುಮ್ನ ಜಾಗಾ ಹಾಳು."

ಅವರು ಹೇಳಿದ್ದು ಖರೆ. ನಾನೂ ಅದನ್ನೇ ಹೇಳುತ್ತಿದ್ದೆ. ಆದರೂ ರಿಕ್ಷಾದಲ್ಲಿ ಬರುವಾಗ ಸಿಟ್ಟು ಬಂತು. ಬಿಸಿಲಿಗಿರಬೇಕು.

೧೫ ಜೂನ್, ರವಿವಾರ, ಬ್ಯಾಡಗಿ

ಇವತ್ತು ಅರಣ್ಯ ಇಲಾಖೆಯವರು ಮನೆಗೆ ಬಂದಿದ್ದರು. ಅಧಿಕಾರಿಯ ಹೆಸರು ಸಿದ್ದಲಿಂಗೇಶ. ಕೂರುವುದು ರಾಣೇಬೆನ್ನೂರಿನಲ್ಲಿ, ಸದ್ಯಕ್ಕೆ ಬ್ಯಾಡಗಿಯನ್ನೂ ಅವರೇ ನೋಡಿಕೊಳ್ಳುತ್ತಾರಂತೆ. ಜೊತೆಗೆ ಇಬ್ಬರು ಗಾರ್ಡುಗಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು.

"ತಪ್ಪು ತಿಳ್ಕೋಬ್ಯಾಡ್ರಿ. ಯಾರೋ ಹೆಸರು ಹಾಕದ ಅರ್ಜಿ ಬರದಾರ. ನಾಗಪ್ಪನವರ ಮನ್ಯಾಗ ಆನೀ ದಂತದ ಚದುರಂಗ ಮುಚ್ಚಿಟ್ಟಾರ ಅಂತ. ನಾವು ನೋಡೂದು ನೋಡಬೇಕಾಕ್ಕೈತಿ."

ಖೋಲಿ, ಅಟ್ಟ, ಪುಷ್ಪಲತಾಳ ಟ್ರಂಕು, ಎಲ್ಲ ತೆಗೆದು ತೋರಿಸಿದೆವು. ಏನೂ ಸಿಗಲಿಲ್ಲ. ಕಡೆಗೆ ಅವರು ಕಪಾಟಿನ ಮುಂದೆ ನಿಂತರು.

"ಚದುರಂಗ ಇಲ್ಲ ಅಂತೀರಿ. ಮತ್ತ ಇಷ್ಟೊಂದ್ ಪುಸ್ತಕ ಯಾಕ್ರಿ?"

ಇಪ್ಪತ್ತು ವರ್ಷದಿಂದ ನಾನೂ ಇದನ್ನೇ ಕೇಳುತ್ತಿದ್ದೇನೆ ಎಂದು ಹೇಳಬೇಕೆನಿಸಿತು. ಹೇಳಿದರೆ ಅವರ ಅನುಮಾನ ಹೋಗುತ್ತಿರಲಿಲ್ಲ. ಕಪಾಟಿನ ಕೆಳಗಿನ ಸಾಲಿನಲ್ಲಿದ್ದ ಫೈಲು ತೆಗೆದೆ. ಅದರಲ್ಲಿ ಪತ್ರಗಳಿದ್ದವು, ನಾನೂ ಇವತ್ತೇ ನೋಡಿದ್ದು. ಮುಂಬಯಿಯ ಒಂದು ಹಳೆಯ ಸಾಮಾನಿನ ಅಂಗಡಿಯವರು, ಕೋಲ್ಕತಾದ ಒಬ್ಬ ಸಂಗ್ರಾಹಕರು, ಇನ್ನೂ ನಾಲ್ಕೈದು ಜನ ಕಾಯಿಗಳ ಫೋಟೋ ಕಳಿಸಿ ಇದು ಏನು, ಎಲ್ಲಿಯದು ಎಂದು ಕೇಳುತ್ತಿದ್ದರು. ಅಪ್ಪ ಉತ್ತರ ಬರೆಯುತ್ತಿದ್ದರು. ಕಾರ್ಬನ್ ಪ್ರತಿಗಳೂ ಇದ್ದವು. ಪ್ರತಿ ಪತ್ರದ ಕೊನೆಗೆ ಒಂದೇ ಮಾತು. ಅಧಿಕಾರಿಗಳಿಗೆ ಅದನ್ನು ಕನ್ನಡದಲ್ಲಿ ಹೇಳಿದೆ: "ನಾನು ಇದುವರೆಗೆ ದಂತವನ್ನು ಕೈಯಲ್ಲಿ ಹಿಡಿದವನಲ್ಲ, ಪುಸ್ತಕದಿಂದ ಬಲ್ಲೆ. ನನ್ನ ಮಾತನ್ನು ಅಷ್ಟರಮಟ್ಟಿಗೇ ನಂಬಿರಿ."

ಸಿದ್ದಲಿಂಗೇಶ ಅವರು ನಾಲ್ಕು ಪತ್ರಗಳನ್ನು ತಾವೇ ಓದಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದರು.

"ಖರೇ ದಂತ ಹೆಂಗ್ ಗುರುತು ಹಿಡೀತಾರ್ರೀ ಮೇಡಂ? ನಮಗೂ ಟ್ರೇನಿಂಗಿನ್ಯಾಗ ಹೇಳಿದ್ರು, ಮರತೇಬಿಟ್ಟೇನಿ."

ಸೂಚಿ ನೋಡಿ ಏಳನೆಯ ಪುಸ್ತಕ ತೆಗೆದೆ. ದಂತವನ್ನು ಅಡ್ಡ ಕೊಯ್ದ ಚಿತ್ರವಿತ್ತು. ಬಾಗಿದ ಸಣ್ಣ ಗೆರೆಗಳು ಎರಡೂ ಕಡೆಯಿಂದ ಬಂದು ಒಂದನ್ನೊಂದು ಹಾಯುತ್ತವೆ, ಬಲೆ ಹೆಣೆದ ಹಾಗೆ. ಎಲುಬಿನಲ್ಲಿ ಬಲೆ ಇರುವುದಿಲ್ಲ, ರಕ್ತ ಹರಿಯುತ್ತಿದ್ದ ಕೊಳವೆಗಳ ಕಪ್ಪು ಚುಕ್ಕೆಗಳಿರುತ್ತವೆ. ಓದುತ್ತ ಓದುತ್ತ ವಿವರಿಸಿದೆ. ತರಗತಿಯಲ್ಲಿ ಹೇಳಿದಂತೆ ಹೇಳಿದೆನೇನೋ, ಗಾರ್ಡುಗಳೂ ಬಗ್ಗಿ ನೋಡಿದರು.

ಹೋಗುವಾಗ, ದಂತದ ಯಾವ ಸಾಮಾನೂ ದೊರೆಯಲಿಲ್ಲ ಎಂದು ವರದಿ ಬರೆದು ಸುನೀಲನ ಸಹಿ ತೆಗೆದುಕೊಂಡರು.

೨೨ ಜೂನ್, ರವಿವಾರ

ಮೂರು ಪುಸ್ತಕ ಹಾವೇರಿಗೆ ತಂದೆ. ಸುನೀಲನ ಖೋಲಿ ಅಷ್ಟಾದರೂ ಹಗುರಾಗಲಿ ಎಂದು.

೬ ಜುಲೈ, ರವಿವಾರ

ಇನ್ನೂ ಐದು ತಂದೆ. ಚೀಲದ ಹಿಡಿಕೆ ಹರಿಯಿತು. ಮೋಟೆಬೆನ್ನೂರಿನಲ್ಲಿ ಬಸ್ಸು ಹತ್ತಿದ ಒಬ್ಬ ಹೆಂಗಸು ಮಡಿಲಲ್ಲಿ ಎರಡನ್ನು ಹಿಡಿದುಕೊಂಡು ಬಂದರು.

೧೧ ಜುಲೈ, ಶುಕ್ರವಾರ

ಪ್ರಯೋಗಶಾಲೆಯಲ್ಲಿದ್ದ ಮೇಕೆಯ ತೊಡೆಯ ಎಲುಬಿನಿಂದ ಒಂದು ತುಂಡು ಗರಗಸದಲ್ಲಿ ಕೊಯ್ದು, ಉಸುಕಿನ ಕಾಗದದಿಂದ ತಿಕ್ಕಿ ನುಣುಪು ಮಾಡಿದೆ. ಭೂತಗನ್ನಡಿ ಹಿಡಿದರೆ ಹನ್ನೆರಡನೆಯ ಪುಸ್ತಕದ ಚಿತ್ರದಲ್ಲಿದ್ದಂತೆಯೇ ಕಪ್ಪು ಚುಕ್ಕೆಗಳು! ಹತ್ತನೆಯ ತರಗತಿಯ ಹುಡುಗಿಯರು ಸಾಲು ನಿಂತು ನೋಡಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಒಂದು ಪುಸ್ತಕದ ಅಂಚಿನಲ್ಲಿ ಅಪ್ಪ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಎಲುಬು ಒಳಗೆ ಟೊಳ್ಳು. ದೊಡ್ಡ ಕಾಯಿಯನ್ನು ಒಂದೇ ತುಂಡಿನಲ್ಲಿ ಕಡೆಯಲಾಗದು. ತಿರುಪು ಹಾಕಿ ಜೋಡಿಸಬೇಕು." ಇದು ಜೀವಶಾಸ್ತ್ರದ ಪಾಠಕ್ಕೂ ಆಗುವ ಮಾತು.

೨೦ ಜುಲೈ, ರವಿವಾರ, ಬ್ಯಾಡಗಿ

ಹತ್ತೊಂಬತ್ತನೆಯ ಪುಸ್ತಕದಲ್ಲಿ ಸೂಚಿಯ ಒಂದು ಪುಟಸಂಖ್ಯೆ ತಪ್ಪಾಗಿತ್ತು. ಎಲ್ಲಿದೆ ಎಂದು ಹುಡುಕುತ್ತಿದ್ದೆ. ಸುನೀಲ ಬಾಗಿಲಲ್ಲಿ ನಿಂತು ಕೇಳಿದ.

"ಉಳಿದಿದ್ದು ಯಾವಾಗ ಒಯ್ತೀ ಅಕ್ಕಾ?"

"ನೋಡೋಣು" ಎಂದೆ.

ಹಿಂದೆ ನಿಂತಿದ್ದ ಪುಷ್ಪಲತಾ ಕಿಸಕ್ಕನೆ ನಕ್ಕಳು. ತಿರುಗಿ ನೋಡಿದರೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಯಾಕೆ ನಕ್ಕಳೋ ತಿಳಿಯಲಿಲ್ಲ. ಪುಟ ಸಿಕ್ಕಿತು, ೨೧೪.

೯ ಆಗಸ್ಟ್, ಶನಿವಾರ, ಹಾವೇರಿ

ಶಾಲೆಗೆ ಫೋನ್ ಬಂದಿತ್ತು. ಅರಣ್ಯ ಇಲಾಖೆಯ ಸಿದ್ದಲಿಂಗೇಶ.

"ಮೇಡಂ, ರಾಣೇಬೆನ್ನೂರಾಗ ಒಂದು ಚದುರಂಗ ನಮ್ಮ ಕೈಗೆ ಬಂದೈತ್ರಿ. ದಂತದ್ದು ಅಂತ ದೂರು. ಪರೀಕ್ಷಾಕ ಕಳಿಸಿದ್ರ ತಿಂಗಳಗಟ್ಟಲೆ ಹಿಡೀತೈತಿ. ಅಲ್ಲೀತನಕ ಒಬ್ಬ ಬಡವನ ತಲಿ ಮ್ಯಾಲೆ ಕತ್ತಿ ತೂಗತೈತಿ. ನೀವೊಮ್ಮೆ ಬಂದು ನೋಡ್ತೀರೇನು? ನಿಮ್ಮ ಮಾತು ಬರಕೊಂಡು ಸಾಹೇಬ್ರಿಗೆ ಕಳಿಸ್ತೇನಿ."

ನಾನು ಪುಸ್ತಕ ಓದಿದವಳಷ್ಟೇ, ತಜ್ಞಳಲ್ಲ ಎಂದೆ. "ನಮ್ಮ ಜಿಲ್ಲಾದಾಗ ಅಷ್ಟೂ ಓದಿದವರು ಬ್ಯಾರೆ ಯಾರದಾರ್ರಿ?" ಎಂದರು.

೧೦ ಆಗಸ್ಟ್, ರವಿವಾರ, ರಾಣೇಬೆನ್ನೂರಿಗೆ ಹೋಗಿ ಬಂದು

ಕಚೇರಿಯಲ್ಲಿ ಬೆಂಚಿನ ಮೇಲೆ ತಾಯಿ ಮಗ ಕುಳಿತಿದ್ದರು. ತಾಯಿ ಮೈಮುನಾಬಿ, ಎಪ್ಪತ್ತು ದಾಟಿದವರು, ಬಿಳಿಯ ದುಪಟ್ಟಾ ತಲೆತುಂಬ ಹೊದ್ದಿದ್ದರು. ಮಗ ಜಾವೇದ ಬೀಜದ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾನೆ. ದಂತದ ಸಾಮಾನು ಇರುವವರು ಅಕ್ಟೋಬರದೊಳಗೆ ಇಲಾಖೆಗೆ ಘೋಷಿಸಬೇಕೆಂದು ಈ ವರ್ಷ ಸರಕಾರ ನಿಯಮ ಮಾಡಿದೆ. ಅದನ್ನು ಪತ್ರಿಕೆಯಲ್ಲಿ ಓದಿ, ಮನೆಯ ಹಳೆಯ ಚದುರಂಗ ದಂತದ್ದು ಹೌದೋ ಅಲ್ಲವೋ ಎಂದು ಕೇಳಲು ಹುಬ್ಬಳ್ಳಿಯ ಒಬ್ಬ ಹಳೆಯ ಸಾಮಾನಿನವನಿಗೆ ತೋರಿಸಿದನಂತೆ. ಎರಡು ದಿನದಲ್ಲಿ, ದಂತ ಮಾರಲು ತಿರುಗುತ್ತಿದ್ದಾನೆ ಎಂದು ದೂರು ಹೋಯಿತು.

"ಕೇಸು ಬಿದ್ರ ನೌಕರಿ ಹೋಕ್ಕೈತ್ರೀ ಟೀಚರ್. ಸಣ್ಣ ಹೆಣ್ಮಕ್ಳು ಇಬ್ರದಾರ" ಎಂದ ಜಾವೇದ.

ಮೇಜಿನ ಮೇಲೆ ಪತ್ರಿಕೆ ಹಾಸಿ ಮೂವತ್ತೆರಡು ಕಾಯಿ ಇಟ್ಟಿದ್ದರು. ಹದಿನಾರು ಕೆಂಪು, ಹದಿನಾರು ಬಿಳಿ. ಮುಖ, ಮೂಗು ಏನೂ ಇಲ್ಲದ, ಗುಮ್ಮಟ ಮಿನಾರುಗಳಂಥ ಕಾಯಿಗಳು. ಇಷ್ಟು ದಿನ ಚಿತ್ರದಲ್ಲಿ ನೋಡಿದ್ದು ಎದುರಿಗೆ ನಿಂತಾಗ ಒಂದು ಗಳಿಗೆ ಏನು ಮಾಡಬೇಕೋ ತೋಚಲಿಲ್ಲ. ಗಾರ್ಡು ಮುಂದೆ ಬಂದ.

"ಸೂಜಿ ಕಾಸಿ ಚುಚ್ಚೋಣೇನ್ರಿ? ಹಂಗ ಮಾಡಿದ್ರ ಗೊತ್ತಾಕ್ಕೈತಂತ."

"ಬ್ಯಾಡ್ರಿ! ತೂತು ಬಿತ್ತಂದ್ರ ಮತ್ತ ಹೋಗಂಗಿಲ್ಲ" ಎಂದು ಕೂಗಿಯೇಬಿಟ್ಟೆ. ಮೂವತ್ತೊಂದನೆಯ ಪುಸ್ತಕದಲ್ಲಿ ಅಪ್ಪ ಆ ಮಾತಿನ ಕೆಳಗೆ ಮೂರು ಸಲ ಗೆರೆ ಎಳೆದಿದ್ದಾರೆ.

ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಒಂದೊಂದನ್ನೇ ನೋಡುತ್ತ ಹೋದೆ. ಪ್ಯಾದೆಗಳಲ್ಲಿ ಚುಕ್ಕೆ. ಆನೆಗಳಲ್ಲಿ ಚುಕ್ಕೆ. ರಾಜನನ್ನು ಮೆಲ್ಲಗೆ ತಿರುವಿದರೆ ತಿರುಪು ಬಿಚ್ಚಿ ಮೂರು ತುಂಡಾಯಿತು, ಒಳಗೆ ಟೊಳ್ಳು. ಒಂದೂವರೆ ಗಂಟೆ ಹಿಡಿಯಿತು.

"ಅಮ್ಮಾರ, ಇವು ಎಲುಬಿನವು. ಒಂಟಿದೋ ಎತ್ತಿಂದೋ ಇರಬೇಕು" ಎಂದೆ.

ಜಾವೇದ ಉಸಿರು ಬಿಟ್ಟ. ಆದರೆ ಮೈಮುನಾಬಿ ಎದ್ದು ನಿಂತರು.

"ಎಲುಬಾ? ನೀ ಯಾರವ್ವಾ ಎಲುಬು ಅನ್ನಾಕ? ಸವಣೂರಿನ ಜಹಗೀರದಾರ್ರ ಮನಿಂದ ಬಂದ ದಂತ ನಮ್ಮ ಮನ್ಯಾಗೈತಿ ಅಂತ ನಮ್ಮ ಮಾವ ಅಲ್ಲಾಬಕ್ಷಸಾಬ್ರು ತಮ್ಮ ಬಾಯಿಂದ ಹೇಳತಿದ್ರು. ಅವರು ಜಲ್ಮದಾಗ ಸುಳ್ಳಾಡಿದವರಲ್ಲ."

"ಅಮ್ಮೀ, ಸುಮ್ನ ಕುಂದ್ರು. ಎಲುಬಾದ್ರ ನಾ ಪಾರಾದೆ" ಎಂದ ಮಗ.

"ನೀ ಪಾರಾಗಾಕ ಅವರು ಸುಳ್ಳ ಆಗಬೇಕೇನು?"

ನಾನು ನೋಡದೆ ಉಳಿದಿದ್ದ ಒಂದು ಕಾಯಿಯನ್ನು ಎತ್ತಿಕೊಂಡೆ. ಬಿಳಿಯ ವಜೀರ. ಉಳಿದವಕ್ಕಿಂತ ಒಂದಿಷ್ಟು ಹಳದಿ, ಒಂದಿಷ್ಟು ಭಾರ. ತಿರುವಿದೆ, ತಿರುಪು ಇಲ್ಲ, ಒಂದೇ ತುಂಡು. ಅಡಿಗೆ ಅಂಟಿಸಿದ್ದ ಹಸಿರು ಬಟ್ಟೆಯ ಅಂಚನ್ನು ಉಗುರಿನಿಂದ ಬಿಡಿಸಿ ಭೂತಗನ್ನಡಿ ಹಿಡಿದೆ.

ಬಲೆ. ಎರಡೂ ಕಡೆಯಿಂದ ಬಾಗಿ ಬಂದ ಗೆರೆಗಳು, ಚಿತ್ರಕ್ಕಿಂತ ಸ್ಪಷ್ಟ.

ದಂತ ತಣ್ಣಗಿರುತ್ತದೆ ಎಂದುಕೊಂಡಿದ್ದೆ. ಅದು ಬೇಗ ಕೈಯ ಬಿಸಿ ಹಿಡಿಯಿತು. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಯಾವ ಪುಸ್ತಕದಲ್ಲೂ ಬರೆದಿಲ್ಲ.

"ಮುಗೀತೇನ್ರಿ?" ಎಂದರು ಸಿದ್ದಲಿಂಗೇಶ. ಜಾವೇದ ನನ್ನ ಮುಖವನ್ನೇ ನೋಡುತ್ತಿದ್ದ.

"ಒಂದು ಉಳದೈತ್ರಿ. ಪುಸ್ತಕ ನೋಡಿ ಶನಿವಾರ ಬಂದು ಹೇಳ್ತೇನಿ" ಎಂದು ಎದ್ದೆ.

೧೨ ಆಗಸ್ಟ್, ಮಂಗಳವಾರ

ಎಲ್ಲವೂ ಎಲುಬು ಎಂದು ಬರೆದುಕೊಟ್ಟರೆ ಯಾರಿಗೆ ನಷ್ಟ? ಆನೆ ಸತ್ತು ಎಷ್ಟು ಕಾಲವಾಯಿತೋ. ಜಾವೇದನಿಗೆ ಇಬ್ಬರು ಸಣ್ಣ ಹೆಣ್ಣುಮಕ್ಕಳು. ಅಡಿಯ ಬಟ್ಟೆಯನ್ನು ನಾನಲ್ಲದೆ ಇನ್ನಾರೂ ಬಿಡಿಸಿ ನೋಡುವುದಿಲ್ಲ. ತರಗತಿಯಲ್ಲಿ ಇವತ್ತು ಎರಡು ಸಲ ಪಾಠ ತಪ್ಪಿ ಹೇಳಿದೆ.

೧೩ ಆಗಸ್ಟ್, ಬುಧವಾರ

ಸೂಚಿಯಲ್ಲಿ "ಬದಲಿ ಕಾಯಿ: ೧೯, ೩೮" ಎಂದಿದೆ. ಎರಡನ್ನೂ ಓದಿದೆ. ಹಳೆಯ ಚದುರಂಗಗಳಲ್ಲಿ ಕಳೆದ ಕಾಯಿಯ ಬದಲು ಬೇರೆಯದನ್ನು ಸೇರಿಸುವುದು ತೀರ ಸಾಮಾನ್ಯವಂತೆ. ಮೂವತ್ತೆರಡು ಕಾಯಿಗಳನ್ನು ಮೂವತ್ತೆರಡು ಬೇರೆ ಸಾಮಾನುಗಳೆಂದೇ ನೋಡಬೇಕು.

ಆಮೇಲೆ ಪತ್ರಗಳ ಫೈಲು ತೆಗೆದೆ. ಕೋಲ್ಕತಾದವರು ಒಂದು ಪತ್ರದಲ್ಲಿ, ಒಂದು ಕುದುರೆ ಬದಲಿ ಕಾಯಿ ಎಂಬುದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದುಕೊಡಿ ಎಂದು ಕೇಳಿದ್ದರು. ಅಪ್ಪನ ಉತ್ತರ: "ಒಂದು ಕಾಯಿಯ ಬಗ್ಗೆ ಸುಳ್ಳು ಹೇಳಿದರೆ ಉಳಿದ ಮೂವತ್ತೊಂದರ ಬಗ್ಗೆ ನಾನು ಹೇಳಿದ ನಿಜವನ್ನು ಯಾರೂ ನಂಬಬೇಕಾಗಿಲ್ಲ. ಕ್ಷಮಿಸಿರಿ." ಆ ಮನುಷ್ಯ ಮತ್ತೆ ಎರಡು ವರ್ಷ ಪತ್ರ ಬರೆದಿಲ್ಲ. ಆಮೇಲೆ ಬರೆದಿದ್ದಾನೆ.

೧೪ ಆಗಸ್ಟ್, ಗುರುವಾರ

ಇನ್ನೂ ತೀರ್ಮಾನವಾಗಿಲ್ಲ. ನಾಳೆಯ ಧ್ವಜಕ್ಕೆ ಹೂವು ಬಿಡಿಸಿದೆವು.

೧೬ ಆಗಸ್ಟ್, ಶನಿವಾರ

ಹೇಳಿಬಿಟ್ಟೆ. ಮೂವತ್ತೊಂದು ಎಲುಬು, ಒಂದು ದಂತ.

ಸಿದ್ದಲಿಂಗೇಶ ಅವರು ಭೂತಗನ್ನಡಿ ಇಸಿದುಕೊಂಡು ತಾವೇ ನೋಡಿದರು. ಏಳನೆಯ ಪುಸ್ತಕದ ಚಿತ್ರದ ಪಕ್ಕದಲ್ಲಿ ವಜೀರನನ್ನು ಹಿಡಿದು ಮತ್ತೆ ನೋಡಿದರು. "ಹೌದ್ರಿ" ಎಂದರು, ಸಣ್ಣಗೆ.

ಜಾವೇದ ನನ್ನ ಮೇಲೆ ಕೂಗಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ. "ಎಲ್ಲಾ ಎಲುಬು ಅಂದಿದ್ರ ಇವತ್ತ ಮುಗೀತಿತ್ತಲ್ರೀ ಟೀಚರ್" ಎಂದು ನೆಲ ನೋಡಿದ.

"ಮುಗೀತಿತ್ತು. ಮುಂದ ಯಾವಾಗರ ಯಾರರ ಪರೀಕ್ಷಾ ಮಾಡಿದ್ರ? ಆಗ ಮೂವತ್ತೊಂದೂ ನಂಬಂಗಿಲ್ಲಪಾ ಅವರು. ನಿನ್ನೂ ನಂಬಂಗಿಲ್ಲ" ಎಂದೆ. ನನ್ನ ದನಿ ನನಗೇ ಗಟ್ಟಿ ಅನಿಸಲಿಲ್ಲ.

ಹೇಳಿಕೆಯನ್ನು ಕನ್ನಡದಲ್ಲಿ ಎರಡು ಪುಟ ಬರೆದೆ. ಯಾವ ಕಾಯಿಯಲ್ಲಿ ಏನು ಕಂಡಿತು, ಯಾವ ಪುಸ್ತಕದ ಯಾವ ಪುಟದ ಆಧಾರ, ಎಲ್ಲ. ಬದಲಿ ಕಾಯಿ ಸೇರಿಸುವುದು ವಾಡಿಕೆ ಎಂಬುದನ್ನೂ, ವಜೀರನ ಅಡಿಯ ಬಟ್ಟೆ, ಅಂಟು ಎರಡೂ ಬಹಳ ಹಳೆಯವು ಎಂಬುದನ್ನೂ ಸೇರಿಸಿದೆ. ಕೊನೆಗೆ, ನಾನು ದಂತವನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು, ಉಳಿದದ್ದನ್ನು ಪುಸ್ತಕದಿಂದ ಬಲ್ಲೆ, ನನ್ನ ಮಾತನ್ನು ಅಷ್ಟರಮಟ್ಟಿಗೇ ನಂಬಬೇಕು ಎಂದು ಬರೆದು ಸಹಿ ಮಾಡಿದೆ.

"ಅಕ್ಟೋಬರ್ ಇನ್ನೂ ಬಂದಿಲ್ಲ. ಮಾರಾಕ ತಿರುಗಿದ್ದಕ್ಕ ಸಾಕ್ಷಿ ಇಲ್ಲ. ಘೋಷಣಾ ಮಾಡಾಕ ಬಿಡ್ರಿ ಅಂತ ಸಾಹೇಬ್ರಿಗೆ ಬರೀತೇನಿ. ಆದ್ರ ಮಾತು ಕೊಡಾಕ ಆಗಂಗಿಲ್ರಿ" ಎಂದರು ಅಧಿಕಾರಿ.

ಮೆಟ್ಟಿಲಿಳಿಯುವಾಗ ಮೈಮುನಾಬಿಗೆ ಆಸರೆಯಾಗಲು ಕೈ ಚಾಚಿದೆ. ಹಿಡಿಯಲಿಲ್ಲ.

೨೪ ಆಗಸ್ಟ್, ರವಿವಾರ

ಸುದ್ದಿ ಇಲ್ಲ. ಬ್ಯಾಡಗಿಗೆ ಹೋಗಿದ್ದೆ. ಸುನೀಲ ಹೇಳಿದ, "ನಿನಗ್ಯಾಕ ಬೇಕಿತ್ತಕ್ಕಾ ಊರ ಉಸಾಬರಿ?" ಪುಷ್ಪಲತಾ ಅವನಿಗೆ, "ನೀವ್ ಸುಮ್ನಿರ್ರಿ" ಎಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ ಎಂದು ಆಗ ನೆನಪಾಯಿತು.

೭ ಸೆಪ್ಟೆಂಬರ್, ರವಿವಾರ, ಹಾವೇರಿ

ಕೊನೆಯ ಹನ್ನೊಂದು ಪುಸ್ತಕಗಳನ್ನು ಸುನೀಲನೇ ಟೆಂಪೋದಲ್ಲಿ ತಂದು ಇಳಿಸಿಹೋದ. ಬಡಿಗೇರ ಗೋಡೆಗೆ ಹಲಗೆ ಹೊಡೆದುಕೊಟ್ಟಿದ್ದಾನೆ. ನಡುವಿನ ಹಲಗೆ ಕಣ್ಣಿನ ಎತ್ತರಕ್ಕಿರಲಿ ಎಂದು ಎರಡು ಸಲ ಕಿತ್ತು ಹಾಕಿಸಿದೆ.

ಪುಸ್ತಕಗಳ ನಡುವೆ ಒಂದು ಪತ್ರ ಸಿಕ್ಕಿತು. ಮುಂಬಯಿಯ ಅಂಗಡಿಯವರು ಜೂನಿನಲ್ಲಿ ಅಪ್ಪನ ಹೆಸರಿಗೆ ಕಳಿಸಿದ್ದು. ಕೆಂಪು ಕಾಯಿಗಳ ಎರಡು ಫೋಟೋ, ಬಣ್ಣ ಮೂಲದ್ದೋ ಆಮೇಲೆ ಹಾಕಿದ್ದೋ ಎಂಬ ಪ್ರಶ್ನೆ. ಇಪ್ಪತ್ತೆರಡನೆಯ ಪುಸ್ತಕ ನೋಡಿ ಉತ್ತರ ಬರೆದೆ. ತಂದೆ ತೀರಿಕೊಂಡರು ಎಂಬುದನ್ನು ಮೊದಲ ಸಾಲಿನಲ್ಲಿ ಬರೆದೆ. ಫೋಟೋ ಇನ್ನಷ್ಟು ಹತ್ತಿರದಿಂದ ತೆಗೆದು ಕಳಿಸಲು ಹೇಳಿದ್ದೇನೆ.

೧೦ ಸೆಪ್ಟೆಂಬರ್, ಬುಧವಾರ

ಸಿದ್ದಲಿಂಗೇಶ ಅವರ ಫೋನ್. ಕೇಸು ಇಲ್ಲ! ಮೂವತ್ತೊಂದು ಕಾಯಿಗಳನ್ನು ಮನೆಯವರಿಗೆ ಮರಳಿಸುತ್ತಾರೆ. ವಜೀರನನ್ನು ಮಾತ್ರ ಮನೆಯ ಹಿರಿಯರು ನಿಯಮದ ಪ್ರಕಾರ ಘೋಷಿಸಬೇಕು. "ಆ ಅರ್ಜಿ ನೀವೇ ತುಂಬಿಕೊಟ್ರ ಚಲೋ ಆಕ್ಕೈತ್ರಿ, ಅವರಿಗೆ ತಿಳಿಯಂಗಿಲ್ಲ" ಎಂದರು. ಆ ತಾಯಿ ನನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೋ ಇಲ್ಲವೋ.

೧೪ ಸೆಪ್ಟೆಂಬರ್, ರವಿವಾರ, ರಾಣೇಬೆನ್ನೂರಿನಿಂದ ಬಂದು

ಬಿಟ್ಟುಕೊಂಡರು. ಜಾವೇದ ಬಸ್ ಸ್ಟ್ಯಾಂಡಿಗೇ ಬಂದಿದ್ದ. ಒಳಗೆ ಚಾಪೆ ಹಾಸಿ, ಚಹಾ ಕೊಟ್ಟರು. ಮೈಮುನಾಬಿ ಎದುರಿಗೆ ಕುಳಿತು ನಾನು ಅರ್ಜಿ ತುಂಬುವುದನ್ನು ನೋಡುತ್ತಿದ್ದರು. ಹೆಸರು, ವಯಸ್ಸು, ವಿಳಾಸ, ಸಾಮಾನಿನ ವಿವರ. ಐದನೆಯದು, ಹೇಗೆ ಬಂತು.

"ಏನ್ ಬರೀಲ್ರೀ ಅಮ್ಮಾರ?"

ಅವರು ಅದಕ್ಕೆ ಉತ್ತರ ಕೊಡದೆ ಬೇರೆಯದನ್ನೇ ಕೇಳಿದರು. "ಬೇಟೀ, ದಂತದ್ದು ಯಾವ ಕಾಯಿ ಅಂದಿ ಅವತ್ತು?"

"ಬಿಳೀ ವಜೀರ್ರೀ."

"ರಾಜನ ಬಾಜೂಕಿನ ವಜೀರ. ಬಿಳೀದು." ಅವರು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ಮಗನಿಗೆ ಕೇಳಿಸಬಾರದೆಂಬಂತೆ ಸಣ್ಣ ದನಿಯಲ್ಲಿ ಹೇಳತೊಡಗಿದರು.

"ನಾ ಮದುವ್ಯಾಗಿ ಈ ಮನಿಗೆ ಬಂದಾಗ ನಂಗ ಹದಿನಾರು. ಮಾವ ತಿರುಗಣಿ ಮ್ಯಾಲೆ ಮಂಚದ ಕಾಲು, ತೊಟ್ಟಲ ಕಾಲು ಕಡೀತಿದ್ರು. ಸವಣೂರಿನ ದೊಡ್ಡ ಮನ್ಯಾಗೂ ಅವರದ ಕೆಲಸ. ಒಂದಿನ ಮೆಹಮಾನ್ರು ಬಂದ್ರು, ಆಟ ಆಡಿ ಕಾಯಿ ಹಂಗ ಬಿಟ್ಟು ಎದ್ರು. ನಾ ಕಸಾ ಹೊಡದು ಒಲಿಗೆ ಹಾಕಿದೆ. ಬೆಂಕ್ಯಾಗ ಒಂದ್ ಕಾಯಿ ಕರ್ರಗಾಗಿ ಒಡದಿದ್ದು ಕಣ್ಣಾರೆ ಕಂಡೆ. ವಜೀರ. ಯಾರ ಮುಂದೂ ಹೇಳ್ಲಿಲ್ಲ. ಮೂರು ದಿನ ಅನ್ನ ಇಳೀಲಿಲ್ಲ ನಂಗ. ತವರಿಗೆ ಕಳಿಸ್ತಾರ ಅಂತ ಅಂಜಿಕಿ."

"ಮತ್ತ?"

"ಮಾವ ಒಂದೆರಡು ದಿನ ಹುಡುಕಿದ್ರು. ಆಮ್ಯಾಲೆ ಬಿಟ್ರು. ಎಂಟ್ಹತ್ತು ದಿನ ಆದಮ್ಯಾಲೆ ನನ್ನ ಕರದು, 'ಸಿಕ್ತು ನೋಡು ಬೇಟೀ, ಮಂಚದ ಕೆಳಗ ಬಿದ್ದಿತ್ತು' ಅಂತ ಕೈಯಾಗಿಟ್ರು. ಹಂಗಾದ್ರ ಒಲ್ಯಾಗ ಉರದಿದ್ದು ಬ್ಯಾರೆ ಏನೋ, ಅಲ್ಲಾ ನನ್ನ ಮಾನ ಕಾದ ಅಂದ್ಕೊಂಡೆ. ಇಲ್ಲೀತನಕ ಹಂಗ ತಿಳಕೊಂಡಿದ್ದೆ."

ಜಾವೇದ ಕೊಡದಿಂದ ನೀರು ತಂದುಕೊಟ್ಟ. ಕುಡಿದರು.

"ಮಾವನ ಕೈಯಾಗ ಒಂದ್ ಬೆತ್ತ ಇರತಿತ್ತು. ಸವಣೂರಿನವ್ರು ಖುಷಿಯಿಂದ ಕೊಟ್ಟಿದ್ದು. ಹಿಡಿ ಬೆಳ್ಳಗ, ನುಣ್ಣಗ, ದೊಡ್ಡ ನೆಲ್ಲಿಕಾಯಿಗಿಂತ ದೊಡ್ಡದು. ಅದ ವರ್ಷ ನೋಡು, ಆ ಹಿಡಿ ಹೋಗಿ ಸಾಗವಾನಿ ಹಿಡಿ ಬಂತು. 'ಯಾಕ್ರಿ ಅಬ್ಬಾ' ಅಂತ ನಾನ ಕೇಳಿದ್ದೆ. 'ಜಾರತಿತ್ತು ಬೇಟೀ, ಕೈಗೆ ಹತ್ತತಿರಲಿಲ್ಲ' ಅಂದ್ರು."

ನಾನು ಪೆನ್ನು ಕೆಳಗಿಟ್ಟೆ.

"ಐವತ್ತಾರು ವರ್ಷ ಆತು" ಎಂದರು ಮೈಮುನಾಬಿ. "ನಾ ಸುಟ್ಟಿದ್ದು ಅವರಿಗೆ ಗೊತ್ತಿತ್ತು. ಒಂದಿನಾನೂ ತೋರಿಸ್ಲಿಲ್ಲ. ನಾನ ನಾಕು ಮಂದಿ ಮುಂದ, ನಮ್ಮ ಮಾವ ಸುಳ್ಳಾಡಿದವರಲ್ಲ ಅಂತ ಹೇಳ್ಕೊಂತ ಬಂದೆ." ಕಣ್ಣಲ್ಲಿ ನೀರು ತುಂಬಿತ್ತು, ಅವರು ನಗುತ್ತಿದ್ದರು. "ಒಂದ ಒಂದು ಆಡ್ಯಾರ ನೋಡು."

ಜಾವೇದ ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

ಮೈಮುನಾಬಿಯೇ ಅರ್ಜಿಯನ್ನು ನನ್ನ ಕಡೆ ಸರಿಸಿದರು. ಐದನೆಯ ಕಾಲಮ್ಮಿನಲ್ಲಿ ಒಂದೇ ಗೆರೆಯಷ್ಟು ಜಾಗ.

"ಇಷ್ಟರಾಗ ಹಿಡಿಯಂಗಿಲ್ಲಲ್ರೀ ಅಮ್ಮಾರ. ಬ್ಯಾರೆ ಹಾಳಿ ಹಚ್ಚಲೇನು?"

"ಬ್ಯಾಡ. ಮಾವ ಸೊಸಿಗೆ ಕೊಟ್ಟಿದ್ದು ಅಂತ ಬರಿ. ಸಾಕು."

ಬರೆದೆ. ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನು ಜಾವೇದ ಮುಂದಿಟ್ಟ. ಅವರು ಅದನ್ನು ಬದಿಗೆ ಸರಿಸಿ, ನನ್ನ ಪೆನ್ನು ಇಸಿದುಕೊಂಡು, ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ ನೆನಪು ಮಾಡಿಕೊಂಡು ತಮ್ಮ ಹೆಸರು ಬರೆದರು.